ಉತ್ತರ ಕೊಡದ ವಿಳಾಸ

ಬಿಶ್ಕೆಕ್‌ನ ಆಂಬುಲೆನ್ಸ್ ಕೇಂದ್ರದಲ್ಲಿ ಪರದೆಗಳೆಲ್ಲ ಒಟ್ಟಿಗೇ ಸ್ತಬ್ಧವಾದವು. ದಾರಿ ತೋರಿಸುವ ನಕ್ಷೆ ಗಾಡಿಗಳಿಗೆ ತಲುಪಲಿಲ್ಲ. ಒಬ್ಬ ಚಾಲಕ ಅವರಿವರನ್ನು ಕೇಳುತ್ತ ಹೊಸ ಬಡಾವಣೆಯಲ್ಲಿ ಸುತ್ತಿದ. ತಲುಪುವಷ್ಟರಲ್ಲಿ ಎದೆನೋವಿನ ಅಜ್ಜಿ ತೀರಿಕೊಂಡಿದ್ದಳು.

ಕೇಂದ್ರದ ಕಂಪ್ಯೂಟರುಗಳೆಲ್ಲ ಇದ್ದದ್ದು ಒಂದು ಖಾಸಗಿ ಕ್ಲೌಡ್‌ನಲ್ಲಿ. ಇಂಟರ್ನೆಟ್ಟಿಗೆ ಅವಕ್ಕಿದ್ದ ಬಾಗಿಲು ಒಂದೇ, ಸಾಫ್ಟ್‌ವೇರಿನಲ್ಲೇ ಕಟ್ಟಿದ ವರ್ಚುವಲ್ ರೂಟರ್. ಈಗ ಆ ಬಾಗಿಲೇ ಮುಚ್ಚಿತ್ತು.

ನೆಟ್‌ವರ್ಕ್ ಎಂಜಿನಿಯರ್ ಬುರುಲ್ ಕ್ಲೌಡ್ ಸಂಸ್ಥೆಯ ಯಂತ್ರಗಳ ಕೋಣೆಗೆ ಓಡಿಬಂದಾಗ ಸಂಸ್ಥೆಯ ನಿರ್ದೇಶಕ ಮೆಲಿಸ್ ಆಗಲೇ ತೀರ್ಪು ಕೊಟ್ಟಾಗಿತ್ತು.

"ನಿನ್ನೆ ರೂಟರ್ ಮುಟ್ಟಿದೋನು ಇವನೊಬ್ಬನೇ. ಪೊಲೀಸರಿಗೆ ಹೇಳಿದೀನಿ."

ಅವನು ಬೆರಳು ತೋರಿದ್ದ ಟಾಲಾಯ್, ಪಾಳಿಯಲ್ಲಿದ್ದ ಹುಡುಗ, ಎದ್ದು ಬುರುಲ್ ಹತ್ತಿರ ಬಂದ. "ಎಜೆ, ಅಕ್ಕಾ, ಹೊರಗಿನೋರು 'ಇದ್ದೀಯಾ' ಅಂತ ಪಿಂಗ್ ಮಾಡಿದ್ರೆ ರೂಟರ್ ಉತ್ತರ ಕೊಡಬಾರ್ದು ಅಂತ ಮಾಡಿದೆ. ಕಳ್ಳರ ಕಾಟಕ್ಕೆ. ಅಷ್ಟೇ ಎಜೆ. ನನ್ನಿಂದ ಆ ಅಜ್ಜಿ..."

"ಅಳೋದು ಆಮೇಲೆ," ಎಂದು ಬುರುಲ್ ಗದರಿದಳು. ಮೆಲಿಸ್ ಮಾತ್ರ ಹಬ್ಬಹರಿದಿನಕ್ಕೆ ಇಡುವಂಥ ಹೊಸ ಕಲ್ಪಾಕ್ ಟೋಪಿ ಇಟ್ಟುಕೊಂಡು ಘಳಿಗೆಗೊಮ್ಮೆ ತನ್ನ ಫೋನಿನ ಪರದೆ ನೋಡುತ್ತಿದ್ದ.

*

ಟಾಲಾಯ್ ಮಾಡಿದ ಬದಲಾವಣೆಯನ್ನು ಬುರುಲ್ ಮೊದಲು ತೆಗೆದಳು. ಏನೂ ಆಗಲಿಲ್ಲ. ಇಂಟರ್ನೆಟ್ ಕಂಪನಿಯ ತಂತಿ ಕಡಿದಿದೆಯೇ? ಅದೇ ತಂತಿಯಲ್ಲಿ ಬೇರೆ ಗಿರಾಕಿಗಳೆಲ್ಲ ಚೆನ್ನಾಗಿದ್ದರು.

ಒಳಗಿನ ಕಂಪ್ಯೂಟರುಗಳು ರೂಟರಿನವರೆಗೆ ಸಲೀಸಾಗಿ ಬರುತ್ತಿದ್ದವು. ರೂಟರಿನಿಂದ ಪ್ರಶ್ನೆ ಹೊರಗೂ ಹೋಗುತ್ತಿತ್ತು. ವಾಪಸು ಮಾತ್ರ ಏನೂ ಬರುತ್ತಿರಲಿಲ್ಲ.

"ಉತ್ತರ ಬೇರೆ ಯಾರ ಮನೆಗೋ ಹೋಗ್ತಿದೆ," ಎಂದಳು.

ಬಂದ ಉತ್ತರಗಳನ್ನು ವಿಳಾಸ ನೋಡಿ ಹಂಚುವ, ತಂತಿಯ ಆ ತುದಿಯ ಯಂತ್ರದ ಪಟ್ಟಿಯನ್ನು ಪರದೆಯಲ್ಲಿ ತೆರೆದಳು. ರೂಟರಿನ ವಿಳಾಸದ ಮುಂದೆ ಇನ್ನೊಂದು ಯಂತ್ರದ ಗುರುತಿತ್ತು. ಅದು ಇದೇ ಕೋಣೆಯ ಮೂಲೆಯ ಕಪಾಟಿನಲ್ಲಿದ್ದ, ಯಾರದೆಂದು ಗೊತ್ತಿಲ್ಲದ ಒಂದು ಡಬ್ಬಿ.

"ಇದು ಯಾರದು?"

ಟಾಲಾಯ್ ಗೊತ್ತಿಲ್ಲವೆಂದು ತಲೆಯಾಡಿಸಿದ. ಮೆಲಿಸ್ ಮತ್ತೆ ಫೋನಿನತ್ತ ಬಗ್ಗಿದ.

"ಸರಿ," ಎಂದು ಬುರುಲ್ ಅದರ ತಂತಿ ಕಿತ್ತಳು.

ಆಂಬುಲೆನ್ಸ್ ಕೇಂದ್ರದ ಪರದೆಗಳಿಗೆ ಜೀವ ಬಂತು. ಅದರ ಬೆನ್ನಿಗೇ ಮೆಲಿಸ್‌ನ ಫೋನ್ ಹೊಡೆದುಕೊಂಡಿತು. ಅವನು ಎತ್ತಲಿಲ್ಲ. ಮತ್ತೆ ಹೊಡೆದುಕೊಂಡಿತು. ಬುರುಲ್ ಕೈಚಾಚಿ ತಾನೇ ಸ್ಪೀಕರ್ ಒತ್ತಿದಳು.

"ಮೆಲಿಸ್, ಪರದೇಲಿ ಮದ್ವೆ ಬರೋದು ನಿಂತೇ ಹೋಯ್ತಲ್ಲೋ," ಹೆಂಗಸಿನ ದನಿ ಕೋಣೆಯಲ್ಲೆಲ್ಲ ಕೇಳಿತು. "ಸೊಸೆ ತಲೆಗೆ ಬಿಳಿ ಶಾಲು ಹಾಕಿ ಮನೆ ತುಂಬಿಸ್ಕೊಳ್ಳೋ ಹೊತ್ತು. ಮಾಸ್ಕೋದಲ್ಲಿ ನಾವೆಲ್ಲ ಕಾಯ್ತಿದೀವಿ."

*

"ತಮ್ಮನ ಮಗನ ಮದ್ವೆ," ಎಂದ ಮೆಲಿಸ್. "ದೂರದ ನೆಂಟ್ರು ನೋಡ್ಬೇಕು ಅಂದ್ರು. ಬಂಧುಬಳಗ ಕೇಳಿದ್ರೆ ಆಗಲ್ಲ ಅನ್ನೋಕಾಗತ್ತಾ? ನೇರಪ್ರಸಾರಕ್ಕೆ ಆ ಡಬ್ಬಿ ಇಟ್ಟೆ, ಅದಕ್ಕೊಂದು ಇಂಟರ್ನೆಟ್ ವಿಳಾಸ ಬೇಕಿತ್ತು. ಪಿಂಗ್ ಮಾಡಿ ನೋಡಿದೆ, ಉತ್ತರ ಬರ್ಲಿಲ್ಲ. ಖಾಲಿ ಅಂದ್ಕೊಂಡೆ."

"ಬಾಗ್ಲು ತಟ್ಟಿದ್ರಿ, ಒಳಗಿದ್ದೋರು ಓ ಅನ್ಲಿಲ್ಲ. ಖಾಲಿ ಮನೆ ಅಂತ ನಿಮ್ಮ ಬೀಗ ಜಡಿದ್ರಿ. ಉತ್ತರ ಕೊಡಬೇಡ ಅಂತ ಟಾಲಾಯ್ ಹಿಂದಿನ ದಿನ ತಾನೇ ಹೇಳಿದ್ದು ನಿಮಗೆ ಗೊತ್ತಿರ್ಲಿಲ್ಲ. ಅಲ್ಲೀವರೆಗೆ ಬರೀ ತಪ್ಪು ಅನ್ನೋಣ, ಬಾಯ್ಕೆ, ಅಣ್ಣಾ." ಬುರುಲ್ ಕಿತ್ತ ತಂತಿಯನ್ನು ಮೇಜಿನ ಮೇಲೆ ಎಸೆದಳು. "ಮದ್ವೆ ಶುರುವಾದ ಗಳಿಗೇಲೇ ಆಂಬುಲೆನ್ಸ್ ನಿಂತಾಗ ನಿಮಗೆ ಹೊಳೀಲಿಲ್ವಾ? ಹೊಳೀತು. ಶಾಲು ಹಾಕಿ ಮುಗೀಲಿ ಅಂತ ಕಾದ್ರಿ. ಅಷ್ಟರೊಳಗೆ ಇವನನ್ನ ಹಿಡ್ಕೊಟ್ರಿ. ಥೂ."

ಮೆಲಿಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮೇಜಿನ ಫೋನ್ ಹೊಡೆದುಕೊಂಡಿತು. ಬುರುಲ್ ಸ್ಪೀಕರ್ ಒತ್ತಿದಳು. ಆಂಬುಲೆನ್ಸ್ ಕೇಂದ್ರದವರು. ಅಜ್ಜಿಯ ಮಗ ಬಂದು ಕೂತಿದ್ದಾನಂತೆ, ಏನಾಯಿತೆಂದು ಕೇಳುತ್ತಿದ್ದಾನಂತೆ. ಟಾಲಾಯ್ ಅಭ್ಯಾಸಬಲದಿಂದ ಕೈಚಾಚಿದ.

ಬುರುಲ್ ಅವನ ಕೈ ತಡೆದು ಫೋನನ್ನು ಮೆಲಿಸ್‌ನ ಎದುರಿಗೆ ತಳ್ಳಿದಳು.

"ಅವ್ರೂ ಕಾಯ್ತಿದಾರೆ. ಉತ್ತರ ಕೊಡಿ."