ಹೊಲಿಗೆಯಂಗಡಿಯಲ್ಲಿ ವಿಷ

ಧಡ್ ಎಂದು ಸದ್ದಾಯಿತು. ಹೊಲಿಗೆ ಯಂತ್ರಗಳು ಒಮ್ಮೆಲೇ ನಿಂತವು.

ಉದ್ದನೆಯ ಮೇಜಿನ ಪಕ್ಕ ಕತ್ತರಿ ಬಿದ್ದಿದ್ದಳು. ನಾಟಕದ ವೇಷಭೂಷಣ ಹೊಲಿಯುವ ಆ ಮಹಡಿಯಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವಳದು. ಕೈಯಷ್ಟೇ ಬಾಯಿಯೂ ಹರಿತ. ಅದಕ್ಕೇ ಗೆಳತಿಯರು ಇಟ್ಟ ಹೆಸರು ಕತ್ತರಿ. ಈಗ ಆ ಬಾಯಲ್ಲಿ ನೊರೆ. ಬೆರಳುಗಳು ಕೆಂಪು ಮಖಮಲ್ಲನ್ನು ಹಿಡಿದು ಜಗ್ಗುತ್ತಿದ್ದವು.

"ಅಯ್ಯೋ, ಏನಾಯ್ತೇ ನಿಂಗೆ?" ಗುಂಡಿ ಚೀರಿದಳು. ಗುಂಡಿ, ಕಾಜಾ, ಜರಿಯಂಚು ಅವಳ ಪಾಲಿನ ಕೆಲಸ. ಮೈಯೂ ಹೆಸರಿಗೆ ತಕ್ಕ ಹಾಗೇ ಗುಂಡಗೆ. ಯಂತ್ರ ತುಳಿಯುವ ಲಂಬೂ ತನ್ನ ಉದ್ದ ಕಾಲುಗಳಲ್ಲಿ ಒಂದೇ ನೆಗೆತಕ್ಕೆ ಬಂದು ಗೆಳತಿಯ ತಲೆ ಎತ್ತಿದಳು. ಎಲ್ಲರಿಗಿಂತ ಹಿರಿಯಳಾದ ಅಕ್ಕ ಮಾತ್ರ ಇಸ್ತ್ರಿಪೆಟ್ಟಿಗೆ ಹಿಡಿದೇ ನಿಂತುಬಿಟ್ಟಳು. ಶಾಲೆಯ ದಿನಗಳಲ್ಲಿ ಮೂವರಿಗೂ ಜಡೆ ಹೆಣೆದವಳು ಅವಳು. ಅಂಗಡಿ ಕಟ್ಟಿದವಳೂ ಅವಳೇ.

ಆಸ್ಪತ್ರೆಯಲ್ಲಿ ಡಾಕ್ಟರು ಅವರನ್ನು ಹೊರಗೆ ನಿಲ್ಲಿಸಿ ಹೇಳಿದರು. "ವಿಷ. ಹೊಟ್ಟೆ ತೊಳೆದಿದ್ದೀವಿ. ಉಳೀತಾರಾ ಅಂತ ಈಗಲೇ ಹೇಳೋಕಾಗಲ್ಲ."

ವಿಷ! ಅಂಗಡಿಯ ಬಾಗಿಲಿಗೆ ಬೆಳಗಿನಿಂದ ಒಳಚಿಲಕವಿತ್ತು. ಹೊರಗಿನವರು ಯಾರೂ ಮೆಟ್ಟಿಲು ಹತ್ತಿರಲಿಲ್ಲ. ಹಾಗಾದರೆ—?

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುಕ್ಷಣವೇ ನೋಟ ಕಿತ್ತುಕೊಂಡರು.

ಸಂಜೆಯಾಗುವ ಮೊದಲೇ ಅಂಗಡಿಗೆ ಇನ್ಸ್‌ಪೆಕ್ಟರ್ ಬಂದರು. ಮೆಲುಮಾತಿನ ಹೆಂಗಸು. ಕಪಾಟಿನ ಮೇಲಿದ್ದ ನೀರಿನ ಹೂಜಿ, ಸಕ್ಕರೆ ಡಬ್ಬ, ಚಹಾಪುಡಿ, ಬಿಸ್ಕತ್ತು, ಬಟ್ಟೆಯ ಧೂಳಿಗೆ ಆಗಾಗ ಕೆಮ್ಮುವ ಎಲ್ಲರಿಗೂ ಬೇಕಾಗುವ ಜೇನುತುಪ್ಪದ ಶೀಶೆ—ಒಂದೊಂದರಿಂದಲೂ ಪರೀಕ್ಷೆಗೆಂದು ಸ್ವಲ್ಪ ಸ್ವಲ್ಪ ತೆಗೆಸಿದರು.

"ಇವತ್ತು ಅವರು ಏನೇನು ತಿಂದ್ರು?"

"ಎಲ್ಲಾನೂ," ಎಂದಳು ಲಂಬೂ. "ನಾವು ತಿಂದಿದ್ದನ್ನೇ ಅವಳೂ ತಿಂದ್ಲು. ನಮ್ಮ ಹೊಟ್ಟೇಲೂ ವಿಷ ಇದೆಯೇನೋ ಮೇಡಂ... ನಂಗೆ ಕೈಕಾಲು ತಣ್ಣಗಾಗ್ತಿದೆ."

"ನಿಮಗೂ ಅವರಿಗೂ ಜಗಳ ಇತ್ತಂತೆ?"

"ಇತ್ತು. ನಾಟಕದ ರಾಜನ ಕೋಟು ಬಿಗಿಯಾಯ್ತು, ತಪ್ಪು ನನ್ನ ಹೊಲಿಗೇದು ಅಂದ್ಲು. ಅಷ್ಟಕ್ಕೆಲ್ಲ ವಿಷ ಹಾಕೋದಾಗಿದ್ರೆ ಭೂಮಿ ಮೇಲೆ ದರ್ಜಿಗಳೇ ಉಳೀತಿರಲಿಲ್ಲ!"

ಇನ್ಸ್‌ಪೆಕ್ಟರ್ ಗುಂಡಿಯ ಕಡೆ ತಿರುಗಿದರು. "ಅವರು ಅಂಗಡಿ ಬಿಡೋರಿದ್ರಾ?"

"ಹೂಂ. ಬೇರೆ ಊರಿನ ನಾಟಕ ಕಂಪನಿಯವರು ಕರೆದಿದ್ರು. ನಾಳೆ ಬೆಳಿಗ್ಗೆ ಹೊರಡೋಳಿದ್ಲು."

"ಹೋದ್ರೆ ಅವರ ಜಾಗ?"

"ನಂಗೇ." ಗುಂಡಿ ತಕ್ಷಣ ಸೇರಿಸಿದಳು. "ಹೋದ್ರೆ ಮಾತ್ರ ಮೇಡಂ. ಸತ್ತರೆ ಅಂತ ಅಂದೆನಾ?"

ಅಕ್ಕ ಗೋಡೆಗೊರಗಿ ಬಿಕ್ಕುತ್ತಿದ್ದಳು. ಅಳು ಒತ್ತರಿಸಿ ಬಂದು ಉಸಿರು ಸಿಕ್ಕಿಕೊಂಡಿತು. ತಡವರಿಸುತ್ತ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿದಳು.

"ಅಕ್ಕಾ, ಬೇಡ! ಕುಡೀಬೇಡ!" ಗುಂಡಿ ಕೂಗಿದಳು. ಕಾನ್‌ಸ್ಟೇಬಲ್ ಓಡಿ ಬರುವಷ್ಟರಲ್ಲಿ ಅಕ್ಕ ಗಟಗಟನೆ ಕುಡಿದು ಮುಗಿಸಿದ್ದಳು.

"ಸತ್ತರೆ ಸಾಯ್ತೀನಿ ಬಿಡೇ," ಎಂದಳು ಬಾಯೊರೆಸಿಕೊಂಡು. "ಅವಳೇ ಉಳಿಯಲ್ಲ ಅಂದಮೇಲೆ ನಂಗಿನ್ನೇನಿದೆ?"

ಕಾನ್‌ಸ್ಟೇಬಲ್ ಕೂಡ ಕಣ್ಣೊರೆಸಿಕೊಂಡರು. ಇನ್ಸ್‌ಪೆಕ್ಟರ್ ಕಪಾಟಿನ ಮೇಲಿದ್ದುದನ್ನೆಲ್ಲ ಕಟ್ಟಿಸಿಕೊಂಡು ಹೊರಟರು.

ಆಮೇಲಿನ ದಿನಗಳು ಮೂವರಿಗೂ ನರಕವಾದವು. ಕತ್ತರಿಗೆ ಎಚ್ಚರವಿಲ್ಲ. ಒಂದೇ ತಟ್ಟೆಯಲ್ಲಿ ಉಂಡವರು ಈಗ ಡಬ್ಬಿಗೆ ಬೀಗ ಹಾಕಿ ತರತೊಡಗಿದರು. ಗುಂಡಿ ನೀರಿನ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡೇ ಕಾಜಾ ಹೊಲಿಯುತ್ತಿದ್ದಳು. ಹಿಂದೆ ಯಾರಾದರೂ ನಡೆದರೆ ಲಂಬೂ ಬೆಚ್ಚಿ ಯಂತ್ರ ನಿಲ್ಲಿಸುತ್ತಿದ್ದಳು. ಒಮ್ಮೆ ಸೂಜಿ ಬೆರಳಿಗೇ ನಾಟಿತು. ರಕ್ತ ಒರೆಸಲು ಬಂದ ಗುಂಡಿಗೆ, "ಹತ್ತಿರ ಬರಬೇಡ!" ಎಂದುಬಿಟ್ಟಳು. ಅಂದ ಮೇಲೆ ಇಬ್ಬರೂ ಅತ್ತರು. ಆದರೂ ಹತ್ತಿರ ಬರಲಿಲ್ಲ.

ಒಂದು ಬೆಳಿಗ್ಗೆ ಇನ್ಸ್‌ಪೆಕ್ಟರ್ ಡಬ್ಬಗಳ ಚೀಲದೊಂದಿಗೆ ಬಂದರು.

"ಪರೀಕ್ಷೆ ಆಯ್ತು. ಇದ್ಯಾವುದರಲ್ಲೂ ವಿಷ ಇಲ್ಲ. ತಗೊಳ್ಳಿ, ನಿಮ್ಮ ಸಾಮಾನು."

ಲಂಬೂ ಅಲ್ಲೇ ಕುಸಿದು ಕೂತಳು. "ನಿಜವಾಗ್ಲೂ ಇಲ್ವಾ?"

"ಇಲ್ಲ. ಬೇಕಾದ್ರೆ ರುಚಿ ನೋಡಿ."

ಕೆಮ್ಮು ಈಗ ಗುಂಡಿಗೂ ಹತ್ತಿತ್ತು. ಅಳುಕುತ್ತಲೇ ಜೇನಿನ ಶೀಶೆ ತೆರೆದಳು. ಚಮಚಕ್ಕೆ ಸುರಿದಳು. ಕಣ್ಣು ಮುಚ್ಚಿ ಬಾಯಿಗೆ ಒಯ್ದಳು—

"ಬೇಡ ಕಣೇ!"

ಅಕ್ಕನ ಕೈ ಬೀಸಿ ಬಡಿಯಿತು. ಚಮಚ ಗೋಡೆಗೆ ತಾಗಿ ಬಿತ್ತು. ಬಿಳಿ ಸುಣ್ಣದ ಮೇಲೆ ಜೇನು ಮೆಲ್ಲಗೆ ಇಳಿಯತೊಡಗಿತು.

"ಇದು ನಾನು ಈಗಷ್ಟೇ ಅಂಗಡೀಲಿ ಕೊಂಡ ಜೇನು," ಎಂದರು ಇನ್ಸ್‌ಪೆಕ್ಟರ್. "ನಿಮ್ಮ ಶೀಶೆ ಠಾಣೇಲಿದೆ. ವಿಷ ಇದ್ದದ್ದು ಅದರಲ್ಲೇ. ಆ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ಅಕ್ಕ ಚಮಚ ಹೆಕ್ಕಲು ಬಗ್ಗಿದಳು.

"ಮೇಡಂ, ಅಕ್ಕನಾ? ಸಾಧ್ಯಾನೇ ಇಲ್ಲ!" ಲಂಬೂ ಎದ್ದು ನಿಂತಳು. "ಅವತ್ತು ತಾನೂ ಸಾಯ್ತೀನಿ ಅಂತ ಹೂಜಿ ನೀರು ಕುಡಿದ್ಲಲ್ಲ!"

"ಅದೇ ನೀರು ನೋಡಿ ಎಲ್ಲರೂ ಮೋಸ ಹೋದದ್ದು. ಅವತ್ತು ಈ ಕೋಣೇಲಿ ವಿಷ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರು ಎಲ್ಲದಕ್ಕೂ ಹೆದರ್ತಾರೆ. ನೀವಿಬ್ಬರೂ ನೀರಿಗೂ ಹೆದರಿದ್ರಿ, ಗಾಳಿಗೂ ಹೆದರಿದ್ರಿ. ಇವರೊಬ್ಬರು ಹೆದರಲಿಲ್ಲ. ದುಃಖಕ್ಕೆ ಹಾಗೆ ಮಾಡಿದ್ರು ಅಂತ ನಾನೂ ಅಂದ್ಕೊಂಡಿದ್ದೆ. ಆಮೇಲೆ ಗುಂಡಿ ಹೇಳಿದ ಮಾತು ನೆನಪಾಯ್ತು. ಕತ್ತರಿ ಹೇಗೂ ಮರುದಿನ ಹೋಗೋರಿದ್ರು. ಅವರು ಬೇಡ ಅನ್ನೋರಿಗೆ ಒಂದು ರಾತ್ರಿ ಕಾದಿದ್ರೆ ಸಾಕಿತ್ತು. ವಿಷ ಬೇಕಾದದ್ದು ಅವರನ್ನ ಹೋಗೋಕೆ ಬಿಡದವರಿಗೆ. ಆ ವಾರ ಕೆಮ್ಮು ಇದ್ದು ಜೇನು ತಿಂತಿದ್ದವರೂ ಅವರೊಬ್ಬರೇ."

ಅಕ್ಕ ಮೆಲ್ಲಗೆ ಮೇಜಿನ ಅಂಚು ಹಿಡಿದಳು.

"ಸಾಯಿಸೋಕಲ್ಲ," ಎಂದಳು. ದನಿ ಬಾವಿಯ ತಳದಿಂದ ಬಂದಂತಿತ್ತು. "ಒಂದಿಷ್ಟು ದಿನ ಮಲಗಲಿ ಅಂತ. ಕಂಪನಿಯವರು ಬೇರೆಯವರನ್ನ ನೋಡ್ಕೋತಾರೆ. ಇವಳು ಇಲ್ಲೇ ಇರ್ತಾಳೆ. ನಾನು ಗಂಜಿ ಕುಡಿಸಿ, ತಲೆ ಬಾಚಿ... ನಾನೇ ನೋಡ್ಕೋತಿದ್ದೆ. ಇಲಿಗೆ ಇಡೋ ಮದ್ದು. ಚಿಟಿಕೆಯಷ್ಟೇ ಹಾಕಿದ್ದೆ ಕಣ್ರೇ..."

ಗುಂಡಿಯ ಕಡೆ ಕೈ ಚಾಚಿದಳು. ಗುಂಡಿ ಹಿಂದೆ ಸರಿದಳು.

ಅಕ್ಕನನ್ನು ಜೀಪಿಗೆ ಹತ್ತಿಸುವಾಗ ಅವಳು ತಿರುಗಿ ನೋಡಲಿಲ್ಲ.

ಕೆಲವು ದಿನಗಳ ಮೇಲೆ ಕತ್ತರಿ ಕಣ್ಣು ಬಿಟ್ಟಳು. ನಡೆದದ್ದನ್ನೆಲ್ಲ ಕೇಳಿದಳು. ತುಟಿ ಒಣಗಿದ್ದು ಕಂಡು ಲಂಬೂ ಲೋಟಕ್ಕೆ ನೀರು ಹಾಕಿ ಬಾಯಿಯ ಹತ್ತಿರ ಹಿಡಿದಳು.

ಕತ್ತರಿ ಲೋಟ ನೋಡಿದಳು. ಗೆಳತಿಯ ಮುಖ ನೋಡಿದಳು. ತುಟಿ ಬಿಗಿದುಕೊಂಡಳು.

ಲಂಬೂಗೆ ಅರ್ಥವಾಯಿತು. ತಾನೊಂದು ಗುಟುಕು ಕುಡಿದಳು. ಲೋಟವನ್ನು ಗುಂಡಿಗೆ ಕೊಟ್ಟಳು. ಗುಂಡಿಯೂ ಕುಡಿದಳು. ಉಳಿದ ನೀರನ್ನು ಮತ್ತೆ ಅವಳ ಮುಂದೆ ಹಿಡಿದರು.

ಆಗಲೂ ಕತ್ತರಿ ಇಬ್ಬರ ಮುಖವನ್ನೂ ನೋಡುತ್ತ ಸ್ವಲ್ಪ ಹೊತ್ತು ಕಾದಳು.