ಮೂರು ಎಂಟಾದದ್ದು

ಮಂಗಳವಾರ ಬೆಳಿಗ್ಗೆ ಠಾಣೆಗೆ ಬಂದ ದೂರನ್ನು ಓದುತ್ತಲೇ ಇನ್‌ಸ್ಪೆಕ್ಟರ್ ಮುಖ ಗಂಟಿಕ್ಕಿದರು. ಮುದುಕನೊಬ್ಬನಿಗೆ ವ್ಯಾನು ಗುದ್ದಿ ಸಾಯಿಸಿದ ಪ್ರಕರಣದಲ್ಲಿ ಅವರೇ ಬಂಧಿಸಿದ್ದ ಚಾಲಕನ ಹೆಂಡತಿ ಎದುರು ನಿಂತಿದ್ದಳು. ಪೊಲೀಸರ ಫೋಟೋವೇ ಸುಳ್ಳು ಎಂಬುದು ಅವಳ ದೂರು.

"ಆವತ್ತು ನಮ್ಮ ವ್ಯಾನಿನ ಇಂಜಿನ್ ಬಿಚ್ಚಿ ಗ್ಯಾರೇಜಲ್ಲಿ ಇಟ್ಟಿದ್ರು ಸಾರ್. ಎಷ್ಟು ಬಡ್ಕೊಂಡ್ರೂ ನೀವು ಕಿವಿಗೇ ಹಾಕ್ಕೊಳ್ಲಿಲ್ಲ."

ಮಹಿಳಾ ಪೇದೆ ಗ್ಯಾರೇಜಿಗೆ ಹೋಗಿ ವಿಚಾರಿಸಿ ಬಂದಳು. ಮಾತು ನಿಜ. ಇನ್‌ಸ್ಪೆಕ್ಟರಿಗೆ ತಮ್ಮ ಮೇಲೇ ಸಿಟ್ಟು ಬಂತು.

ಪ್ರಕರಣ ನಿಂತಿದ್ದೇ ಆ ಫೋಟೋ ಮೇಲೆ. ಹವ್ಯಾಸಕ್ಕೆಂದು ಕಪ್ಪು-ಬಿಳುಪು ರೀಲಿನಲ್ಲಿ ರಸ್ತೆಯ ಚಿತ್ರ ತೆಗೆಯುತ್ತಿದ್ದ ನಿವೃತ್ತ ಮೇಷ್ಟ್ರ ಕ್ಯಾಮೆರಾಕ್ಕೆ ಓಡಿಹೋಗುವ ವ್ಯಾನು ಮಸುಕಾಗಿ ಸಿಕ್ಕಿತ್ತು. ನೆಗೆಟಿವನ್ನು ಸ್ಕ್ಯಾನ್ ಮಾಡಿ, ಶಾರ್ಪ್ ಮಾಡಿ, ನಂಬರ್ ಪ್ಲೇಟಿನ ಕೊನೆಯ ಅಂಕಿ ಎಂಟು ಎಂದು ತೋರಿಸಿದವನು ಸ್ಟುಡಿಯೋದ ಎಡಿಟರ್.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಅದೇ ನೆಗೆಟಿವ್ ಹಿಡಿದು, ಪೇದೆಯನ್ನೂ ಸಾಕ್ಷಿಗೆ ಇಬ್ಬರು ಪಂಚರನ್ನೂ ಕರೆದುಕೊಂಡು ಸ್ಟುಡಿಯೋಗೆ ಹೋದರು.

"ಇನ್ನೊಂದ್ಸಲ ಮಾಡು. ನಮ್ಮೆದುರಿಗೇ."

ಎಡಿಟರ್ ಶಾರ್ಪ್ ಮಾಡಿದ. ಪರದೆಯ ತುಂಬ ಮರಳು ಚೆಲ್ಲಿದಂತೆ ಚುಕ್ಕಿಗಳೆದ್ದವು. ಕಡಿಮೆ ಮಾಡಿದರೆ ಪ್ಲೇಟು ಮಂಜು; ಜಾಸ್ತಿ ಮಾಡಿದರೆ ಅಂಕಿಗಳ ಸುತ್ತ ಬಿಳಿ ಅಂಚು, ನೆಗೆಟಿವ್ ಮೇಲಿನ ಧೂಳು, ಗೀರು ಎಲ್ಲ ಎದ್ದು ಕುಣಿದವು. ಕೊನೆಯ ಅಂಕಿ ಮಾತ್ರ ನೆಟ್ಟಗಾಗಲಿಲ್ಲ. ಒಬ್ಬ ಪಂಚ ಆಕಳಿಸಿದ. ಇನ್‌ಸ್ಪೆಕ್ಟರ್ ತಲೆ ಸಿಡಿಯುತ್ತಿತ್ತು.

"ಥೂ! ಮುಖ ಒರೆಸೋಕೆ ಹೋದ್ರೆ ಮಸೀನೇ ಜಾಸ್ತಿಯಾಗ್ತಿದೆಯಲ್ಲೋ!"

"ಹಳೇ ರೀಲು ಸಾರ್. ಇಷ್ಟೇ ಬರೋದು."

"ಸ್ಕ್ಯಾನ್ ಬೇರೆ ಮಾಡು. ದೊಡ್ಡದಾಗಿ. ಧೂಳು ಒರೆಸಿ."

ಈ ಸಲ ಶಾರ್ಪನ್ನು ಚೂರುಚೂರೇ ಏರಿಸಿದ. ಕೊನೆಯ ಅಂಕಿ ಮೆಲ್ಲಗೆ ಮೈದಳೆಯಿತು. ಎಡಗಡೆ ಬಾಯಿ ತೆರೆದೇ ಇತ್ತು. ಮೂರು.

"ಆವತ್ತು ಎಂಟು ಹೇಗಾಯ್ತು?"

"ಸಾಫ್ಟ್‌ವೇರ್ ಸಾರ್... ಒಂದೊಂದ್ಸಲ..."

"ಹಾಗಾದ್ರೆ ಈಗ್ಲೂ ಮಾಡ್ಸು ಅದರ ಕೈಲಿ. ಕಾಯ್ತೀನಿ."

ಅವನು ಮೌಸಿನಿಂದ ಕೈ ಹಿಂದಕ್ಕೆಳೆದುಕೊಂಡ. ಅಷ್ಟರಲ್ಲಿ, ಮೂರು ಕಾಣುತ್ತಲೇ ಹೊರಗೆ ಹೋಗಿ ಆರ್‌ಟಿಒಗೆ ಫೋನ್ ಮಾಡಿ ವಿಚಾರಿಸಿದ ಪೇದೆ ಒಳಬಂದಳು. "ಕೊನೆಗೆ ಮೂರಿರೋ ನಂಬರಿನ ವ್ಯಾನು ಇವನ ಭಾವನದ್ದು ಸಾರ್."

"ಎಡಗಡೆ ಮುಚ್ಚಿದ್ದು ಯಾರು?"

"ನಾನೇ ಸಾರ್. ಎರಡು ಗೆರೆ ಎಳೆದೆ."

"ಒಬ್ಬ ಬಡಪಾಯಿ ಜೈಲಲ್ಲಿ ಕೊಳೀತಿದಾನಲ್ಲೋ!"

"ಎಂಟರ ನಂಬರಿನ ಗಾಡಿ ನಿಜವಾಗ್ಲೂ ಇರುತ್ತೆ ಅಂತ ಹೊಳೀಲೇ ಇಲ್ಲ ಸಾರ್. ಆಮೇಲೆ ಬಾಯಿ ಬಿಡೋ ಧೈರ್ಯ ಬರ್ಲಿಲ್ಲ."

ಪಂಚನಾಮೆಗೆ ಸಹಿ ಬಿತ್ತು. ಕಂಪ್ಯೂಟರ್ ಜಪ್ತಿಯಾಯಿತು. ಎಡಿಟರನ್ನು ಬಂಧಿಸಿ ಜೀಪು ಹತ್ತಿಸಿದರು. ಅಪ್ಪ, ಅಮ್ಮ ತೀರಿಹೋದ ಮೇಲೆ ಅಕ್ಕನೇ ಸಾಕಿದ್ದು, ಅವಳ ಸಂಸಾರ ಒಡೆಯಬಾರದು ಅಂತ ಹೀಗೆ ಮಾಡಿದೆ ಎಂದು ದಾರಿಯಲ್ಲಿ ಅವನೇ ಹೇಳಿದ. ಇನ್‌ಸ್ಪೆಕ್ಟರ್ ಜೀಪನ್ನು ಭಾವನ ಮನೆ ಕಡೆಗೆ ತಿರುಗಿಸಲು ಹೇಳಿದರು.

ಬಾಗಿಲು ತೆರೆದವಳು ಆ ಅಕ್ಕ. ಜೀಪಿನಲ್ಲಿದ್ದ ತಮ್ಮನನ್ನು ಕಂಡು ಅವಳ ಮುಖದ ಬಣ್ಣ ಇಳಿಯಿತು.

"ಏನ್ಮಾಡಿದ ಸಾರ್ ಇವನು? ಸಣ್ಣೋನು, ತಿಳಿಯಲ್ಲ ಅವನಿಗೆ..."

ಅವಳ ಹಿಂದೆ ನಿಂತಿದ್ದ ಗಂಡ ಆಗಲೇ ಬಗ್ಗಿ ಚಪ್ಪಲಿ ಹುಡುಕತೊಡಗಿದ್ದ.