ಕಾಳಕ್ಕನ ಹಾರೆ

ಸೋಮವಾರ ಬೆಳಿಗ್ಗೆ ಧರ್ಮಪುರ ಹೋಬಳಿಯ ಕಾಳಕ್ಕ ಠಾಣೆಗೆ ಬಂದು, ತನ್ನ ಮನೆಯ ಮುಂದಿನ ಗೋಡೆಯನ್ನು ಊರವರೇ ಕೆಡವಿದ್ದಾರೆಂದು ದೂರು ಕೊಟ್ಟಳು. ಒಂಟಿ ಹೆಂಗಸು, ಶೇಂಗಾ ಬಿಡಿಸುವ ಕೂಲಿ. ಇದ್ದದ್ದೇ ಒಂದು ಕೋಣೆ. ಈಗ ಬೀದಿಗೂ ಒಲೆಗೂ ನಡುವೆ ಒಂದು ಹಳೆ ಸೀರೆ ಬಿಟ್ಟರೆ ಏನೂ ಇಲ್ಲ. ಎಸ್‌ಐ ಶೋಭಾರಾಣಿ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಓಬಳೇಶಪ್ಪನೊಂದಿಗೆ ಹೊರಟರು. ಹಳೇ ದ್ವೇಷ, ಮಧ್ಯಾಹ್ನದೊಳಗೆ ಮುಗಿಯುತ್ತದೆ ಎಂದುಕೊಂಡಿದ್ದರು. ಎಲ್ಲಿ ಮುಗಿಯುತ್ತೆ!

ಪಂಚನಾಮೆಗೆ ಜನರನ್ನು ಕರೆದರೆ, ಮೊದಲು ಬಂದು ನಿಂತವನು ಪಕ್ಕದ ಮನೆಯ ಗೊಲ್ಲಪ್ಪ.

"ಕೆಡವಿದ್ದು ಯಾರು?"

"ನಾವೇ ಮೇಡಂ."

"ಯಾಕೆ?"

"ಸಾಹೇಬ್ರು ಹೇಳಿದ್ರು. ರೋಡಿಗೆ ಬರ್ತೈತೆ, ತೆಗೀರಿ ಅಂದ್ರು."

"ಯಾವ ಸಾಹೇಬ್ರು?"

"ಖಾಕಿ ಹಾಕಿದ್ರು. ಸೀಟಿ ಊದಿದ್ರು."

"ಯಾರು ನೀವು ಅಂತ ಕೇಳ್ಲಿಲ್ವಾ?"

ಗೊಲ್ಲಪ್ಪ ನೆಲ ನೋಡಿದ. "ಹಂಗೆಲ್ಲ ಕೇಳಾಕೆ ಆಗ್ತೈತಾ? ಸಿಟ್ಟಾದ್ರೆ?"

ಶೋಭಾರಾಣಿಗೆ ತಲೆಬುಡ ತಿಳಿಯಲಿಲ್ಲ. ಜಗಳವಿಲ್ಲ, ದ್ವೇಷವಿಲ್ಲ, ಗೋಡೆ ಬೀಳುವಾಗ ಅಳುತ್ತಿದ್ದ ಕಾಳಕ್ಕನಿಗೆ ನೀರು ಕೊಟ್ಟವನೂ ಇವನೇ. ಅಲ್ಲ, ಇಂಥವರನ್ನು ಏನೆಂದು ಬೈಯುವುದು?

ಕೆಡವಿದ ಮಣ್ಣಿನ ಮೇಲೆ ಬಿದ್ದಿದ್ದ ಹಾರೆಯನ್ನು ತೋರಿಸಿ ಕೇಳಿದರು: "ಈ ಹಾರೆ ಯಾರದು?"

"ನಂದೇ ಅವ್ವಾ," ಎಂದಳು ಕಾಳಕ್ಕ. "ಹಾರೆ ತಗಂಬಾ ಅಂದ್ರು. ಕೊಟ್ಟೆ."

ಗೋಡೆ ಬಿದ್ದ ಮೇಲೆ ಅವನು ಬಸ್ಸು ಹತ್ತಿ ಹೋದನೆಂದು ಊರವರು ಹೇಳಿದ್ದರಿಂದ, ಆ ಬಸ್ಸಿನ ಕಂಡಕ್ಟರನನ್ನು ವಿಚಾರಿಸಿದರು. ಖಾಕಿಯವನು ಅವತ್ತು ಹಿರಿಯೂರಿನಲ್ಲಿ ಇಳಿದನಂತೆ. ಟಿಕೆಟ್ ಕೇಳಲು ತನಗೂ ಧೈರ್ಯ ಬರಲಿಲ್ಲವಂತೆ!

ಬುಧವಾರ ಹಿರಿಯೂರು ಬಸ್ ನಿಲ್ದಾಣದ ಎದುರು ಜೀಪು ತಿರುಗುತ್ತಿದ್ದಂತೆ ಸೀಟಿ ಕೇಳಿಸಿತು. ಖಾಕಿ ಅಂಗಿಯವನೊಬ್ಬ, "ಹಿಂದಕ್ಕೆ, ಹಿಂದಕ್ಕೆ!" ಎಂದು ಕೈ ಬೀಸಿದ. ಓಬಳೇಶಪ್ಪ ಜೀಪನ್ನು ಸರ್ರನೆ ಹಿಂದಕ್ಕೆ ತೆಗೆದ.

"ಯಾರ್ರೀ ಅವನು?"

ಓಬಳೇಶಪ್ಪನ ಮುಖ ಸಪ್ಪಗಾಯಿತು. "ಗೊತ್ತಿಲ್ಲ ಮೇಡಂ. ಸೀಟಿ ಹೊಡೆದ..."

ಸರ್ಕಾರಿ ನೌಕರನ ಸೋಗು ಹಾಕಿದ ಆರೋಪದ ಮೇಲೆ ಅವನನ್ನು ಅಲ್ಲೇ ಬಂಧಿಸಿದರು. ಹೆಸರು ಚಿಕ್ಕತಿಮ್ಮಪ್ಪ. ಎಣ್ಣೆ ಗಿರಣಿಯೊಂದರಲ್ಲಿ ಕಾವಲಿಗಿದ್ದು ಕೆಲಸ ಕಳೆದುಕೊಂಡವನು. ಯಾರಿಂದಲೂ ಏನನ್ನೂ ಕಿತ್ತುಕೊಂಡಿರಲಿಲ್ಲ.

"ಆಕೆಯ ಗೋಡೆ ನಿನಗೇನು ಮಾಡಿತ್ತು?"

"ಏನೂ ಇಲ್ಲ. ಬಸ್ಸಿಗೆ ಕಾಯ್ತಿದ್ದೆ, ಸುಮ್ನೆ ಅಂದೆ. ಗಿರಣಿಯಾಗೆ ಸೀಟಿ ಊದಿ ಊದಿ ಸಾಕಾಗಿತ್ತು, ಒಬ್ಬನೂ ಲಾರಿ ನಿಲ್ಲಿಸ್ಲಿಲ್ಲ. ಅಲ್ಲಿ ಒಂದು ಮಾತಿಗೇ ಎಲ್ರೂ ಎದ್ರು. ಆಯಮ್ಮ ಅಳ್ತಿದ್ಲು. ಆದ್ರೂ ಸಾಕು ಅನ್ನಾಕೆ ಮನಸು ಬರ್ಲಿಲ್ಲ."

ಮೊದಲ ದಿನದ ಗೊಂದಲದಲ್ಲಿ ಹಾರೆಯನ್ನು ಜಪ್ತಿ ಮಾಡುವುದೇ ಮರೆತುಹೋಗಿತ್ತು. ಗುರುವಾರ ಶೋಭಾರಾಣಿ ಮತ್ತೆ ಊರಿಗೆ ಹೋದರು. ಅವರು ಹೇಳಿಕಳಿಸಿದ್ದರಿಂದ ಗೊಲ್ಲಪ್ಪನ ಕಡೆಯವರು ಗೋಡೆ ಕಟ್ಟುತ್ತಿದ್ದರು.

"ಆ ಹಾರೆ ಕೊಡಮ್ಮ."

ಕಾಳಕ್ಕ ತಕ್ಷಣ ತಂದುಕೊಟ್ಟಳು. ಶೋಭಾರಾಣಿ ಹಾರೆ ಹಿಡಿದುಕೊಂಡೇ ಕೇಳಿದರು.

"ಯಾಕೆ ಅಂತ ಕೇಳ್ಬಾರ್ದೇನಮ್ಮ? ಯಾರೇ ಬರ್ಲಿ, ಕೇಳ್ಬೇಕು."

"ಆತವ್ವಾ." ಕಾಳಕ್ಕ ಸೆರಗು ಸರಿಮಾಡಿಕೊಂಡು ಕೈಕಟ್ಟಿ ನಿಂತಳು. "ಯಾಕವ್ವಾ?" ಎಂದು ಕೇಳಿ, ಹೇಳಿದ ಹಾಗೆ ಕೇಳಿದೆನೋ ಇಲ್ಲವೋ ಎಂದು ಶೋಭಾರಾಣಿಯ ಮುಖ ನೋಡಿದಳು.